ಸೊಂಟಕ್ಕೆ ಕೋಳ ಸಿಕ್ಕಿಸಿಕೊಳ್ಳುವ ಮೊದಲು

ಸೆಕ್ಯೂರಿಟಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗರಿಗೆ ಒಂದು ಚಪಲ ಹುಟ್ಟುತ್ತದೆ. ಯೂನಿಫಾರಂ ಬಂತು, ಟೋಪಿ ಬಂತು, ಲಾಠಿಯೂ ಬಂತು. ಇನ್ನು ಬೆಲ್ಟಿನಲ್ಲೊಂದು ಕೋಳ, ಅದಕ್ಕೊಪ್ಪುವ ಕಪ್ಪು ಪೌಚು ಇದ್ದುಬಿಟ್ಟರೆ ಯಾರು ಎದುರು ನಿಲ್ಲುತ್ತಾರೆ ಅನ್ನುವ ಹುಮ್ಮಸ್ಸು. ನಮ್ಮ ಸತ್ಯಮಂಗಲದ ಕಾರ್ಖಾನೆ ಗೇಟುಗಳಲ್ಲಿ ನಿಲ್ಲುವ ಗುಬ್ಬಿ ಕಡೆಯ, ಕುಣಿಗಲ್ ಕಡೆಯ ಹುಡುಗರು ಮೊಬೈಲಿನಲ್ಲಿ ಚಿತ್ರ ತೋರಿಸಿ, "ಸಾರ್, ಪೊಲೀಸಲ್ಲಿದ್ದೋರು ನೀವು, ಇದರಲ್ಲಿ ಯಾವುದು ತರಿಸಲಿ ಹೇಳಿ" ಅನ್ನುತ್ತಾರೆ.

ಹೇಳುತ್ತೇನೆ ತಮ್ಮ. ಕೋಳ ಹೇಗಿರಬೇಕು ಅನ್ನುವುದನ್ನೂ ಹೇಳುತ್ತೇನೆ, ನಿನಗೆ ಯಾಕೆ ಬೇಡ ಅನ್ನುವುದನ್ನೂ ಹೇಳುತ್ತೇನೆ. ಮೊದಲು ವಸ್ತುವಿನ ವಿಚಾರವನ್ನೇ ತೆಗೆದುಕೊಳ್ಳೋಣ. ಅದನ್ನು ಸರಿಯಾಗಿ ಬಲ್ಲವನು ಕೊಳ್ಳುವ ಮೊದಲು ಒಂದು ಸಲ ಹಿಂದೆಮುಂದೆ ನೋಡುತ್ತಾನೆ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೋಳಗಳಲ್ಲಿ ಎಷ್ಟೋ ಆಟದ ಸಾಮಾನು. ಬದಿಯಲ್ಲೊಂದು ಸಣ್ಣ ಕೊಕ್ಕೆ ಇರುತ್ತದೆ, ಅದನ್ನು ಒತ್ತಿದರೆ ಬೀಗದ ಕೈ ಇಲ್ಲದೆಯೇ ತೆರೆದುಕೊಳ್ಳುತ್ತದೆ. ನಿಜವಾದ ಕೋಳದ ಗುರುತು ಡಬಲ್ ಲಾಕ್. ಕೋಳದ ಹಲ್ಲುಗಳು ಒಂದೇ ದಿಕ್ಕಿಗೆ ಸರಿಯುತ್ತವೆ, ಕಟಕಟ ಅನ್ನುತ್ತ ಬಿಗಿಯಾಗುತ್ತವೆಯೇ ಹೊರತು ತಾವಾಗಿ ಸಡಿಲವಾಗುವುದಿಲ್ಲ. ಸಿಕ್ಕಿದವನು ಕೊಸರಾಡಿದಷ್ಟೂ ಬಿಗಿ. ಅದಕ್ಕೇ ಬೀಗದ ಕೈಯ ತುದಿಯ ಸಣ್ಣ ಮೊಳೆಯಿಂದ ಒತ್ತಿ ಎರಡನೆಯ ಬೀಗ ಹಾಕಬೇಕು. ಆಮೇಲೆ ಹಲ್ಲು ಹಿಂದಕ್ಕೂ ಹೋಗದು, ಮುಂದಕ್ಕೂ ಹೋಗದು. ಈ ಸೌಕರ್ಯ ಇಲ್ಲದ ಕೋಳವನ್ನು ಯಾರ ಕೈಗೂ ಹಾಕಬಾರದು. ಎರಡನೆಯ ಬೀಗ ಹಾಕುವ ಮೊದಲು ಮಣಿಕಟ್ಟಿಗೂ ಲೋಹಕ್ಕೂ ನಡುವೆ ಬೆರಳ ತುದಿ ತೂರಿಸಿ ನೋಡಬೇಕು. ತೂರದಿದ್ದರೆ ಬಿಗಿಯಾಯಿತು ಅಂತಲೇ. ಹೆಬ್ಬೆರಳಿನ ಬದಿಯಲ್ಲಿ ಚರ್ಮದ ಕೆಳಗೇ ಒಂದು ನರ ಹರಿಯುತ್ತದೆ. ಕೋಳ ಅದನ್ನು ಅಮುಕಿದರೆ ಕೈಯ ಹಿಂಭಾಗ ಜೋಮು ಹಿಡಿಯುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಇನ್ನೊಂದು ಮಾತು, ಇದು ಪ್ರಾಣದ ಮಾತು. ಕೈಯನ್ನು ಹಿಂದಕ್ಕೆ ಕಟ್ಟಿ ಮನುಷ್ಯನನ್ನು ಬೋರಲು ಮಲಗಿಸಿ ಬೆನ್ನ ಮೇಲೆ ಮಂಡಿ ಊರಿದರೆ ಉಸಿರು ಕಟ್ಟಿ ಸಾಯಬಹುದು. ಕುಡಿದವನಾಗಿದ್ದರೆ, ದಪ್ಪಗಿದ್ದರೆ ಇನ್ನೂ ಬೇಗ. ಪೊಲೀಸ್ ತರಬೇತಿಯಲ್ಲಿ ಇದನ್ನೆಲ್ಲ ಮಾಡಿ ತೋರಿಸುತ್ತಾರೆ. ಯೂಟ್ಯೂಬಿನಲ್ಲಿ ಕಲಿತವನಿಗೆ ಹಾಕುವುದು ಗೊತ್ತಿರುತ್ತದೆ, ಹಾಕಿದ ಮೇಲಿನ ಜವಾಬ್ದಾರಿ ಗೊತ್ತಿರುವುದಿಲ್ಲ.

ಪೌಚಿನ ಕತೆ ಚಿಕ್ಕದು. ಚರ್ಮದ್ದು ನೋಡಲು ಚೆನ್ನ, ಆದರೆ ಮಳೆಯಲ್ಲಿ ನೆಂದು ನೆಂದು ಒಳಗಿನ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ನೈಲಾನಿನದು ಬೇಗ ಆರುತ್ತದೆ. ಮುಚ್ಚಳಕ್ಕೆ ವೆಲ್ಕ್ರೋ ಇದ್ದರೆ ಧೂಳು ತುಂಬಿ ಹಿಡಿತ ಹೋಗುತ್ತದೆ, ಟಿಚ್ ಬಟನ್ನೇ ವಾಸಿ. ಬೆಲ್ಟಿನ ಅಗಲಕ್ಕೆ ಪೌಚಿನ ಪಟ್ಟಿ ಹೊಂದದಿದ್ದರೆ ನಡೆಯುವಾಗ ಅದು ಅಲ್ಲಾಡುತ್ತ ತೊಡೆಗೆ ಬಡಿಯುತ್ತದೆ. ಬೆನ್ನುಮೂಳೆಯ ಮೇಲೆ, ಸೊಂಟದ ನಡುಮಧ್ಯೆ ಮಾತ್ರ ಸಿಕ್ಕಿಸಿಕೊಳ್ಳಬೇಡ, ಜಾರಿ ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಆ ಮೂಳೆಯೇ. ಈ ಮಾತು ಟಾರ್ಚಿನ ಪೌಚಿಗೂ ಸಲ್ಲುತ್ತದೆ.

ಇಷ್ಟು ಕೇಳಿದ ಮೇಲೂ ತರಿಸುತ್ತೀಯಾ? ಹಾಗಾದರೆ ಕಾನೂನನ್ನೂ ಕೇಳು.

ಕೋಳ ಹಾಕಲು ಪೊಲೀಸರಿಗೇ ಸ್ವಾತಂತ್ರ್ಯ ಕಡಿಮೆ. 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಕೋಳ ಹಾಕುವುದು ಮೇಲ್ನೋಟಕ್ಕೇ ಅಮಾನವೀಯ, ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಕಾರಣ ಬರೆದಿಟ್ಟು ಹಾಕಬೇಕು ಅಂತ ಹೇಳಿತು. 1995ರಲ್ಲಿ ಅದೇ ಕೋರ್ಟು ಇನ್ನೂ ಬಿಗಿ ಮಾಡಿ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು ಅಂದಿತು. ನಮ್ಮ ರಾಜ್ಯದಲ್ಲೇ ಚಿಕ್ಕೋಡಿಯ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ಹಾಕಿ ಬೀದಿಯಲ್ಲಿ ನಡೆಸಿದ್ದಕ್ಕೆ ಹೈಕೋರ್ಟು 2022ರಲ್ಲಿ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅವನ ಮೇಲಿದ್ದದ್ದು ಚೆಕ್ ಬೌನ್ಸ್ ಕೇಸು!

2024ರ ಜುಲೈ 1ರಿಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಜಾರಿಗೆ ಬಂದಿದೆ. ಅದರ 43ನೇ ಕಲಂ ಕೋಳದ ಮಾತೆತ್ತುತ್ತದೆ, ನಿಜ. ಆದರೆ ಹಾಕುವ ಅಧಿಕಾರವನ್ನು ಪೊಲೀಸ್ ಅಧಿಕಾರಿಗೆ ಕೊಟ್ಟಿದೆ. ಅವರೂ ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಸಂಘಟಿತ ಅಪರಾಧ, ಮಾದಕ ವಸ್ತು, ಆಸಿಡ್ ದಾಳಿಯಂಥ ಪ್ರಕರಣಗಳಲ್ಲಿ, ಇಲ್ಲವೆ ಪದೇಪದೇ ಅಪರಾಧ ಮಾಡುವವನಿಗೆ, ಕಸ್ಟಡಿಯಿಂದ ತಪ್ಪಿಸಿಕೊಂಡವನಿಗೆ ಹಾಕಬಹುದು. ಸೆಕ್ಯೂರಿಟಿ ಗಾರ್ಡಿನ ಹೆಸರು ಅಲ್ಲೆಲ್ಲೂ ಇಲ್ಲ.

ನಿನಗಿರುವುದು ಯಾವ ಸಾಮಾನ್ಯ ಮನುಷ್ಯನಿಗೂ ಇರುವ ಅಧಿಕಾರ, ಅದೇ ಸಂಹಿತೆಯ 40ನೇ ಕಲಂ. ನಿನ್ನ ಕಣ್ಣೆದುರೇ ಒಬ್ಬ ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದಂಥ ಅಪರಾಧ ಮಾಡಿದರೆ ಹಿಡಿಯಬಹುದು. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅಪರಾಧ ಜಾಮೀನಿಲ್ಲದ್ದೂ ಆಗಿರಬೇಕು, ವಾರಂಟಿಲ್ಲದೆ ಹಿಡಿಯುವಂಥದ್ದೂ ಆಗಿರಬೇಕು, ಈ ಎರಡು ಷರತ್ತೂ ಒಟ್ಟಿಗೆ ಕೂಡಿಬರಬೇಕು ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಉದಾಹರಣೆಗೆ, ಕಾಂಪೌಂಡಿನ ಹೊರಗೆ ಬಿದ್ದ ಕಂಪನಿಯ ಗುಜರಿ ಕಬ್ಬಿಣವನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದವನನ್ನು ನೀನು ಹಿಡಿದೆ ಅನ್ನು. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಆ ಸಾಮಾನ್ಯ ಕಳ್ಳತನ ಈಗ ಜಾಮೀನು ಸಿಗುವ ಅಪರಾಧ, ಪೊಲೀಸರೂ ವಾರಂಟಿಲ್ಲದೆ ಬಂಧಿಸುವಂತಿಲ್ಲ. ಮೊದಲ ಸಲ ಸಿಕ್ಕಿ ಮಾಲು ವಾಪಸು ಕೊಟ್ಟವನಿಗೆ ಶಿಕ್ಷೆ ಸಮುದಾಯ ಸೇವೆ. ಅದೇ ಕಂಪನಿಯ ಕೆಲಸಗಾರನೇ ಕದ್ದರೆ ಕಲಂ ಬೇರೆ, ಗೋಡೌನಿನೊಳಗಿಂದ ಕದ್ದರೆ ಇನ್ನೊಂದು. ರಾತ್ರಿ ಎರಡು ಗಂಟೆಗೆ ಗೇಟಿನಲ್ಲಿ ನಿಂತು ಇದನ್ನೆಲ್ಲ ಲೆಕ್ಕ ಹಾಕುವವನು ಯಾರು? ಲೆಕ್ಕ ತಪ್ಪಿ ಕೋಳ ಹಾಕಿ ಕಂಬಕ್ಕೆ ಬಿಗಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನ ಅಕ್ರಮ ಬಂಧನ, ಒಂದು ವರ್ಷದವರೆಗೆ ಜೈಲಾಗಬಹುದು. ಕದ್ದವನು ಮನೆಗೆ, ಹಿಡಿದವನು ಠಾಣೆಗೆ. ಇಂಥ ಕೇಸು ಬಂದಾಗ "ನಾವು ಕೋಳ ಕೊಟ್ಟಿರಲಿಲ್ಲ, ಅವನೇ ತಂದದ್ದು" ಅಂತ ಮೊದಲು ಕೈತೊಳೆದುಕೊಳ್ಳುವವನು ಏಜೆನ್ಸಿ ಮಾಲೀಕ.

ಸಿಕ್ಕವನು ಹದಿನೆಂಟು ತುಂಬದ ಹುಡುಗನಾಗಿದ್ದರಂತೂ ಕೋಳದ ಯೋಚನೆಯೇ ಬೇಡ. ಬಾಲನ್ಯಾಯದ 2016ರ ಮಾದರಿ ನಿಯಮಗಳು ಮಕ್ಕಳಿಗೆ ಕೋಳ, ಸರಪಳಿ ಹಾಕುವುದನ್ನು ಪೊಲೀಸರಿಗೂ ನಿಷೇಧಿಸಿವೆ. ಗುಜರಿ ಆಯುವವರಲ್ಲಿ ಹುಡುಗರು ಎಷ್ಟಿರುತ್ತಾರೆ ಅಂತ ನಿನಗೇ ಗೊತ್ತು.

ಈಗ ನಿನ್ನ ಕೆಲಸದ ಕಾನೂನು ನೋಡು. ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ 2005ರದು. ಪೊಲೀಸರ, ಸೇನೆಯ ಯೂನಿಫಾರಮ್ಮನ್ನು ಹೋಲುವ ಬಟ್ಟೆ ತೊಟ್ಟರೆ ಒಂದು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಅಂತ ಅದರ 21ನೇ ಕಲಂ ಹೇಳುತ್ತದೆ. ಕೇಂದ್ರದ ಮಾದರಿ ನಿಯಮಗಳಲ್ಲಿ ಗಾರ್ಡ್ ಏನೇನು ಧರಿಸಬೇಕು ಅಂತ ಪಟ್ಟಿಯೇ ಇದೆ: ತೋಳಿಗೆ ಏಜೆನ್ಸಿಯ ಬ್ಯಾಡ್ಜು, ಹೆಗಲಿಗೋ ಎದೆಗೋ ಹುದ್ದೆಯ ಗುರುತು, ದಾರ ಕಟ್ಟಿದ ಸೀಟಿ, ಲೇಸಿರುವ ಶೂ, ಟೋಪಿ. ಸೀಟಿ ಎಡಜೇಬಿನಲ್ಲೇ ಇರಬೇಕು ಅನ್ನುವಷ್ಟು ವಿವರ ಬರೆದವರು ಕೋಳದ ಹೆಸರನ್ನು ಎತ್ತಿಲ್ಲ. ಆ ನಿಯಮ ಬರೆದವರು ನಿನ್ನನ್ನು ಕಂಡದ್ದು ನೋಡುವವನಾಗಿ, ಕೂಗಿ ಎಚ್ಚರಿಸುವವನಾಗಿ. ಇದರಲ್ಲಿ ಅವಮಾನವೇನಿಲ್ಲ. ರಾತ್ರಿಯೆಲ್ಲ ನಿಜವಾಗಿ ಎಚ್ಚರವಿದ್ದು ನೋಡುವ ಗಾರ್ಡು ಎಲ್ಲಿ ಸಿಗುತ್ತಾನೆ ಅಂತ ಕಂಪನಿಯವರು ಹುಡುಕುತ್ತಲೇ ಇರುತ್ತಾರೆ.

ಹಾಗಾದರೆ ಸಿಕ್ಕವನನ್ನು ಬಿಟ್ಟುಬಿಡುವುದಾ ಅಂತ ಕೇಳುತ್ತೀ. ಬಿಡಬೇಡ. ಒಬ್ಬನೇ ಮೈಮೇಲೆ ಬೀಳಬೇಡ, ಸೀಟಿ ಊದು, ಜೊತೆಯವನನ್ನು ಕರೆ. ಕ್ಯಾಮೆರಾ ಕಾಣುವ ಜಾಗದಲ್ಲಿ ಕೂರಿಸು, ಬಾಗಿಲ ಬಳಿ ನೀವಿಬ್ಬರು ನಿಲ್ಲಿ. ನೀರು ಕೇಳಿದರೆ ಕೊಡು, ಕೈ ಮಾತ್ರ ಎತ್ತಬೇಡ. ಹೆಂಗಸಾದರೆ ಹೆಣ್ಣು ಗಾರ್ಡನ್ನೇ ಕರೆಸು, ಚೀಲ ತಡಕುವುದೂ ಅವಳೇ. 112ಕ್ಕೆ ಫೋನ್ ಮಾಡು, ಮಾಡಿದ ಹೊತ್ತನ್ನು ಬರೆದಿಡು. ಓಡಿಹೋದರೆ ಹೋಗಲಿ, ಗಾಡಿ ನಂಬರು, ಅಂಗಿಯ ಬಣ್ಣ, ಓಡಿದ ದಿಕ್ಕು ನಿನ್ನ ನೋಟ್‌ಬುಕ್ಕಿನಲ್ಲಿದ್ದರೆ ಉಳಿದದ್ದು ಪೊಲೀಸರ ಕೆಲಸ. ನನ್ನ ಸರ್ವಿಸಿನಲ್ಲಿ ಕಂಡ ಎಷ್ಟೋ ಕೇಸುಗಳು ನಿಂತದ್ದು ಗೇಟಿನ ರಿಜಿಸ್ಟರಿನ ಒಂದು ಸಾಲಿನ ಮೇಲೆ.

ಏಜೆನ್ಸಿಯವರೇ ಕೋಳ ಕೊಟ್ಟು ಇಟ್ಟುಕೋ ಅಂದರೆ ಬರವಣಿಗೆಯಲ್ಲಿ ಕೇಳು: ಯಾವ ಸಂದರ್ಭದಲ್ಲಿ, ಯಾರ ಆದೇಶದ ಮೇಲೆ, ಯಾವ ತರಬೇತಿ ಕೊಟ್ಟು. ಬರೆದುಕೊಡುವುದಿಲ್ಲ ಅಂದವರ ಕೋಳವನ್ನು ಮೇಜಿನ ಮೇಲೆ ಇಟ್ಟು ಬಾ.

ಕೋಳಕ್ಕೆಂದು ಕೂಡಿಟ್ಟ ದುಡ್ಡಿನಲ್ಲಿ ಒಳ್ಳೆ ಟಾರ್ಚು, ಮಳೆಗೆ ರೈನ್‌ಕೋಟು ಕೊಂಡುಕೋ. ಇನ್ನೊಂದು ಕೆಲಸ ಬಾಕಿಯಿದೆ. ಗಾರ್ಡಿಗೆ 100 ಗಂಟೆ ಪಾಠ, 60 ಗಂಟೆ ಫೀಲ್ಡ್ ತರಬೇತಿ ಕೊಡಬೇಕು ಅಂತ ಆ ಮಾದರಿ ನಿಯಮಗಳಲ್ಲೇ ಇದೆ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಆತ್ಮರಕ್ಷಣೆಯ ಹಕ್ಕು, ಠಾಣೆಯಲ್ಲಿ ಎಫ್‌ಐಆರ್ ಕೊಡುವ ಕ್ರಮ ಎಲ್ಲವೂ ಅದರಲ್ಲಿ ಸೇರಿವೆ. ನಿನಗೆ ಒಂದು ದಿನ ಸೆಲ್ಯೂಟ್ ಹೊಡೆಯಲು ಕಲಿಸಿ ಗೇಟಿಗೆ ನಿಲ್ಲಿಸಿದ್ದರೆ, ಈ ವಾರವೇ ಹೋಗಿ ಏಜೆನ್ಸಿ ಆಫೀಸಿನಲ್ಲಿ ತರಬೇತಿಯನ್ನೂ ಫೋಟೋ ಇರುವ ಗುರುತಿನ ಚೀಟಿಯನ್ನೂ ಕೇಳು.