ಇಸಿಜಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪ್ರಶ್ನೆ: ನನಗೆ 44 ವರ್ಷ. ಕಂಪನಿಯವರು ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಇಸಿಜಿ ವರದಿಯ ಮೇಲೆ ‘ರೈಟ್ ಬಂಡಲ್ ಬ್ರಾಂಚ್ ಬ್ಲಾಕ್’ ಎಂದು ಬಂದಿದೆ. ದಿನಾ ವಾಕಿಂಗ್ ಮಾಡುತ್ತೇನೆ, ಯಾವ ತೊಂದರೆಯೂ ಇಲ್ಲ. ಹೋದ ವರ್ಷ ನನ್ನ ಭಾವನಿಗೆ ಎರಡು ಸ್ಟೆಂಟ್ ಹಾಕಿದ್ದರಿಂದ ಮನೆಯವರೆಲ್ಲ ಹೆದರಿದ್ದಾರೆ. ನಾನೂ ಆಂಜಿಯೋಗ್ರಾಂ ಮಾಡಿಸಬೇಕೆ ಡಾಕ್ಟ್ರೇ?
– ಓದುಗರು, ದಾವಣಗೆರೆ

ಉತ್ತರ: ಈ ಒಂದು ಸಾಲನ್ನು ನೋಡಿ ಆಂಜಿಯೋಗ್ರಾಂಗೆ ಓಡಬೇಕಾಗಿಲ್ಲ. ನಿಮ್ಮ ಭಾವನವರಿಗೆ ಆದದ್ದು ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದ ತೊಂದರೆ. ನಿಮ್ಮ ವರದಿಯಲ್ಲಿರುವುದು ಹೃದಯದೊಳಗೆ ವಿದ್ಯುತ್ ಸಂಕೇತ ಹರಿಯುವ ದಾರಿಯ ಸಂಗತಿ. ಇವು ಎರಡು ಬೇರೆ ಬೇರೆ ವ್ಯವಸ್ಥೆಗಳು. ಇದಕ್ಕೆ ಸ್ಟೆಂಟ್ ಹಾಕುವ ಪ್ರಶ್ನೆಯೇ ಬರುವುದಿಲ್ಲ.

ಪ್ರತಿಯೊಂದು ಬಡಿತವೂ ಮಿದುಳಿನ ಅಪ್ಪಣೆಯಿಂದ ಆಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಎಸ್‌ಎ ನೋಡ್ ಎಂಬ ಜೀವಕೋಶಗಳ ಪುಟ್ಟ ಗುಂಪಿದೆ. ನಾವು ಸುಮ್ಮನೆ ಕೂತಿದ್ದಾಗಲೂ ನಿಮಿಷಕ್ಕೆ 60ರಿಂದ 100 ಸಲ ಅದು ತಾನಾಗಿಯೇ ಸಂಕೇತ ಹುಟ್ಟಿಸುತ್ತದೆ. ಮಿದುಳಿನಿಂದ ಬರುವ ನರಗಳು ಆ ವೇಗವನ್ನು ಏರಿಸುತ್ತವೆ, ಇಳಿಸುತ್ತವೆ, ಅಷ್ಟೆ. ಸಂಕೇತ ಎರಡೂ ಹೃತ್ಕರ್ಣಗಳಿಗೆ ಹಬ್ಬಿ ಎವಿ ನೋಡ್ ತಲುಪಿದ ಮೇಲೆ ಅಲ್ಲಿ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತಡೆಯುತ್ತದೆ. ಆ ಬಿಡುವಿನಲ್ಲಿ ಮೇಲಿನ ಕೋಣೆಗಳು ಕುಗ್ಗಿ, ತಮ್ಮಲ್ಲಿರುವ ರಕ್ತವನ್ನು ಕೆಳಗಿನ ಹೃತ್ಕುಕ್ಷಿಗಳಿಗೆ ತುಂಬಿ ಮುಗಿಸುತ್ತವೆ. ಇಷ್ಟು ವರ್ಷ ಹೃದಯ ನೋಡುತ್ತಿದ್ದರೂ ನನಗೆ ಇವತ್ತಿಗೂ ಅಚ್ಚರಿ ಹುಟ್ಟಿಸುವುದು ಆ ಸಣ್ಣ ತಡ. ಜಪಾನಿನ ಸುನಾವೊ ತವಾರಾ ಜರ್ಮನಿಯಲ್ಲಿದ್ದಾಗ 1906ರಲ್ಲಿ ಎವಿ ನೋಡನ್ನು ವಿವರಿಸಿದರು. ಮರುವರ್ಷ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಸ್‌ಎ ನೋಡ್ ಬಗ್ಗೆ ಪ್ರಕಟಿಸಿದರು.

ಎವಿ ನೋಡ್ ದಾಟಿದ ಮೇಲೆ ದಾರಿ ಎಡಕ್ಕೊಂದು ಬಲಕ್ಕೊಂದು ಕವಲಾಗುತ್ತದೆ. ನಿಮಗೆ ಬಲಗವಲಿನಲ್ಲಿ ಸಂಕೇತ ಸಾಗುತ್ತಿಲ್ಲ. ಹಾಗೆಂದು ಬಲ ಹೃತ್ಕುಕ್ಷಿ ಬಡಿಯದೆ ನಿಂತಿಲ್ಲ. ಊರ ರಸ್ತೆ ಕಟ್ಟಿದಾಗ ಜನ ಹೊಲದ ಬದುವಿನ ಮೇಲೆ ನಡೆದು ಬರುವ ಹಾಗೆ, ಸಂಕೇತ ಎಡಗಡೆಯಿಂದ ಸ್ನಾಯುವಿನ ಮೂಲಕವೇ ಬಲಕ್ಕೆ ದಾಟುತ್ತದೆ. ತುಸು ತಡವಾಗುತ್ತದೆ. ಆ ತಡ ಇಸಿಜಿ ಕಾಗದದ ಮೇಲೆ ಕಾಣುತ್ತದೆ. ಸಾಮಾನ್ಯವಾಗಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುವುದರಿಂದ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡ್. ಹೃತ್ಕುಕ್ಷಿಗಳ ಚೂಪು ಅಲೆ ಮೂರು ಚೌಕದೊಳಗೆ ಮುಗಿಯಬೇಕು. ನಿಮ್ಮದು ಮೂರು ಚೌಕ ಅಥವಾ ಅದಕ್ಕೂ ಅಗಲ ಇರುತ್ತದೆ. ‘ವಿ1’ ಎಂದು ಬರೆದಿರುವ ಕಡೆ ನೋಡಿ, ಒಂದರ ಬದಲು ಎರಡು ಮೊನೆ ಕಾಣಬಹುದು.

ಪೂರ್ತಿ ಆರೋಗ್ಯವಂತರಲ್ಲೂ ಇದು ಇರುತ್ತದೆ, ಬದುಕಿಡೀ ಏನೂ ಮಾಡದೆ ಇದ್ದುಬಿಡುತ್ತದೆ. ಒಮ್ಮೆ ಫಿಸಿಷಿಯನ್‌ಗೆ ತೋರಿಸಿ, ಬಿಪಿ ನೋಡಿಸಿ, ಒಂದು ಎಕೋ ಮಾಡಿಸಿ. ಎಡಗವಲಿನ ತಡೆಯಾಗಿದ್ದರೆ ಇಷ್ಟು ನಿರಾಳವಾಗಿ ಬರೆಯುತ್ತಿರಲಿಲ್ಲ, ಅದಕ್ಕೆ ಕಾರಣ ಹುಡುಕಲೇಬೇಕು. ಇನ್ನೊಂದು ಮಾತು. ಸಂಬಂಧದೊಳಗೇ ಮದುವೆಯಾಗಿರದಿದ್ದರೆ ಭಾವ ನಿಮಗೆ ರಕ್ತಸಂಬಂಧಿಯಲ್ಲ. ನೀವು ನೋಡಬೇಕಾದದ್ದು ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತ ಆಗಿತ್ತೇ ಎಂಬುದನ್ನು.

ಪ್ರಶ್ನೆ: ರಾತ್ರಿ ಎಡಮಗ್ಗುಲಿಗೆ ಮಲಗಿದಾಗ ಎದೆಬಡಿತ ಒಂದು ಗಳಿಗೆ ನಿಂತಂತಾಗಿ ಆಮೇಲೆ ಧಸಕ್ಕೆಂದು ಬಡಿಯುತ್ತದೆ. ಹೃದಯ ನಿಂತೇಹೋಗುತ್ತದೆಯೋ ಎಂಬ ಭಯದಲ್ಲಿ ನಿದ್ದೆ ಬರುವುದಿಲ್ಲ. ನನಗೆ 51.
– ಗೃಹಿಣಿ, ಶಿರಸಿ

ಉತ್ತರ: ನಿಮಗೆ ನಿಂತಂತೆ ಅನಿಸುವ ಆ ಗಳಿಗೆಯಲ್ಲಿ ಹೆಚ್ಚಾಗಿ ನಡೆಯುವುದು ಹೀಗೆ: ಬೇರೆ ಯಾವುದೋ ಜಾಗದಲ್ಲಿ ಹುಟ್ಟಿದ ಸಂಕೇತದಿಂದ ಒಂದು ಬಡಿತ ಹೊತ್ತಿಗೆ ಮುಂಚೆ ಬಂದುಬಿಡುತ್ತದೆ. ಆಗ ಹೃದಯದಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲವಾದ್ದರಿಂದ ಆ ಬಡಿತ ನಿಮಗೆ ತಿಳಿಯುವುದೇ ಇಲ್ಲ. ಅದರ ಹಿಂದೆ ಬರುವ ಬಿಡುವು ಉದ್ದ. ಆ ಬಿಡುವಿನಲ್ಲಿ ಹೆಚ್ಚು ರಕ್ತ ತುಂಬಿಕೊಳ್ಳುತ್ತದೆ, ಹಿಗ್ಗಿದ ಸ್ನಾಯು ಜೋರಾಗಿ ಕುಗ್ಗುತ್ತದೆ. ಆ ಧಸಕ್ಕು ಅದೇ. ಎಡಮಗ್ಗುಲಲ್ಲಿ ಹೃದಯ ಎದೆಗೋಡೆಗೆ ಹತ್ತಿರವಾಗುವುದರಿಂದ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸುವುದು ಒಳ್ಳೆಯದು. ಸಂಜೆಯ ಮೇಲೆ ಕಾಫಿ ಬಿಟ್ಟು ನೋಡಿ. ತಲೆಸುತ್ತಿ ಬಿದ್ದರೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ತಡಮಾಡದೆ ಹೃದ್ರೋಗ ತಜ್ಞರ ಬಳಿ ಹೋಗಿ. ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಹಿಡಿದು ನೋಡುವುದನ್ನು ಕಲಿಯಿರಿ. ನಡುವೆ ಎಲ್ಲೋ ಒಂದು ತಪ್ಪಿದರೆ ಚಿಂತೆಯಿಲ್ಲ. ಒಂದಕ್ಕೊಂದು ತಾಳವೇ ಇಲ್ಲದಂತೆ ಬಡಿಯುತ್ತಿದ್ದರೆ ಮಾತ್ರ ಆಗಲೇ ಇಸಿಜಿ ತೆಗೆಸಿ. ಹೃತ್ಕರ್ಣಗಳು ಕುಗ್ಗದೆ ಬರೀ ಕಂಪಿಸುವ ಕಾಯಿಲೆಯಲ್ಲಿ ರಕ್ತ ಅಲ್ಲೇ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಅದನ್ನು ತಡೆಯಲು ಮಾತ್ರೆಗಳಿವೆ.

ಪ್ರಶ್ನೆ: ಹೃದಯದ ತುಂಬ ರಕ್ತವೇ ಇರುವಾಗ ಅದಕ್ಕೆ ಬೇರೆ ರಕ್ತನಾಳ ಯಾಕೆ ಬೇಕು ಸರ್?
– ಪಿಯುಸಿ ವಿದ್ಯಾರ್ಥಿನಿ, ಕೋಲಾರ

ಉತ್ತರ: ಒಳ್ಳೆಯ ಪ್ರಶ್ನೆ ಮಗೂ. ಎಡ ಹೃತ್ಕುಕ್ಷಿಯ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಒಳಗೆ ತುಂಬಿರುವ ರಕ್ತದ ಆಮ್ಲಜನಕ ಅಷ್ಟು ದಪ್ಪ ಸ್ನಾಯುವಿನೊಳಕ್ಕೆ ಇಳಿಯಲಾರದು. ಅದಕ್ಕೇ ಮಹಾಪಧಮನಿಯ ಬುಡದಿಂದಲೇ ಎರಡು ಕೊರೊನರಿ ನಾಳಗಳು ಹೊರಟು ಹೃದಯವನ್ನು ಹೊರಗಿನಿಂದ ಬಳಸಿಕೊಂಡಿವೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತವನ್ನು ಎಡಭಾಗ ಮೈಗೆಲ್ಲ ದೂಡುತ್ತದೆ. ಬಲಭಾಗವೂ ಅಷ್ಟೇ ರಕ್ತ ದೂಡುತ್ತದೆ, ಆದರೆ ಪಕ್ಕದ ಶ್ವಾಸಕೋಶಕ್ಕೆ, ಕಡಿಮೆ ಒತ್ತಡದಲ್ಲಿ. ಹಾಗಾಗಿ ಅದರ ಗೋಡೆ ತೆಳು. ನಿಮ್ಮ ಪಾಠದಲ್ಲಿ ಇರಲಾರದ ಒಂದು ವಿಷಯ ಹೇಳುತ್ತೇನೆ. ಎಡ ಹೃತ್ಕುಕ್ಷಿ ಕುಗ್ಗುವಾಗ ತನ್ನ ಗೋಡೆಯೊಳಗಿನ ನಾಳಗಳನ್ನೇ ಹಿಂಡುತ್ತದೆ. ಆದ್ದರಿಂದ ಅದಕ್ಕೆ ರಕ್ತ ಹೆಚ್ಚಾಗಿ ಸಿಗುವುದು ಸಡಿಲಗೊಂಡು ವಿಶ್ರಮಿಸುವಾಗ. ಬಡಿತ ವಿಪರೀತ ಏರಿದರೆ ಕಡಿಮೆಯಾಗುವುದು ಈ ವಿಶ್ರಾಂತಿಯ ಹೊತ್ತೇ.

ಪ್ರಶ್ನೆ: ಅಪ್ಪನಿಗೆ ರಾತ್ರಿ ಎದೆ ಹಿಡಿದುಕೊಂಡು ಬೆವರಿತು. ಒಂದು ಆಸ್ಪತ್ರೆಯಲ್ಲಿ ಇಸಿಜಿ ನಾರ್ಮಲ್ ಇದೆ, ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ಬೆಳಗಿನ ಜಾವ ಮತ್ತೆ ನೋವು ಬಂದು ಬೇರೆ ಕಡೆ ಹೋದಾಗ ಹಾರ್ಟ್ ಅಟ್ಯಾಕ್ ಎಂದರು. ಈಗ ಆರಾಮಾಗಿದ್ದಾರೆ. ಮೊದಲ ಇಸಿಜಿ ತಪ್ಪಿತ್ತೇ?
– ಓದುಗರು, ಯಾದಗಿರಿ

ಉತ್ತರ: ಇಸಿಜಿ ತಪ್ಪಿರಬೇಕೆಂದೇನಿಲ್ಲ. ಅದೊಂದನ್ನೇ ನಂಬಿ ಮನೆಗೆ ಕಳಿಸಿದ್ದು ಸರಿಯಲ್ಲ. ಇಸಿಜಿ ಎಂದರೆ ಸುಮಾರು ಹತ್ತು ಸೆಕೆಂಡುಗಳ ವಿದ್ಯುತ್ ದಾಖಲೆ. ನಾಳ ಅರೆಬರೆ ಮುಚ್ಚಿದ್ದರೆ, ಹೃದಯದ ಹಿಂಬದಿಯ ಗೋಡೆಗೆ ಪೆಟ್ಟು ಬಿದ್ದಿದ್ದರೆ ಆ ಹತ್ತು ಸೆಕೆಂಡಿನಲ್ಲಿ ಏನೂ ಕಾಣದಿರಬಹುದು. ಎದೆನೋವಿನ ಜೊತೆ ಬೆವರಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಇಸಿಜಿ ತೆಗೆಯಬೇಕು, ಟ್ರೋಪೋನಿನ್ ರಕ್ತಪರೀಕ್ಷೆ ಮಾಡಬೇಕು. ಟ್ರೋಪೋನಿನ್ ಏರಲು ಕೆಲವು ಗಂಟೆ ಹಿಡಿಯುವುದರಿಂದ ಅದನ್ನೂ ಮರಳಿ ನೋಡಬೇಕಾಗುತ್ತದೆ. “ಸರ್, ಇನ್ನೊಂದು ಇಸಿಜಿ ತೆಗೀತೀರಾ?” ಎಂದು ಕೇಳಲು ಮನೆಯವರು ಖಂಡಿತ ಹಿಂಜರಿಯಬೇಡಿ. ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ದೂರದ ದೊಡ್ಡ ಆಸ್ಪತ್ರೆ ಹುಡುಕುತ್ತ ಹೊತ್ತು ಕಳೆಯುವ ಬದಲು ಮೊದಲು 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಅತ್ತೆಗೆ ಪೇಸ್‌ಮೇಕರ್ ಹಾಕಿದ್ದಾರೆ. ಮಿಕ್ಸಿ, ಮೊಬೈಲ್ ಮುಟ್ಟಲೂ ಹೆದರುತ್ತಾರೆ.
– ಓದುಗರು, ಉಡುಪಿ

ಉತ್ತರ: ಮಿಕ್ಸಿ, ಫ್ರಿಜ್, ಟಿವಿಯಿಂದ ಏನೂ ಆಗದು. ಇಂಡಕ್ಷನ್ ಒಲೆಯಿಂದ ಎರಡಡಿ ದೂರ ನಿಲ್ಲಲಿ. ಮೊಬೈಲನ್ನು ಬ್ಲೌಸಿನೊಳಗೆ ಇಟ್ಟುಕೊಳ್ಳುವುದು ಬೇಡ, ಪೇಸ್‌ಮೇಕರ್ ಇಲ್ಲದ ಕಡೆಯ ಕಿವಿಗೆ ಹಿಡಿದು ಮಾತಾಡಲಿ. ಮೊದಲ ಬಾರಿಗೆ ಮೈಯೊಳಗೆ ಪೇಸ್‌ಮೇಕರ್ ಇಡಿಸಿಕೊಂಡವರು ಸ್ವೀಡನ್ನಿನ ಆರ್ನೆ ಲಾರ್ಸನ್, 1958ರಲ್ಲಿ. ಆ ಸಾಧನ ಕೆಲವೇ ಗಂಟೆ ನಡೆಯಿತು. ಆದರೆ ಒಂದಾದ ಮೇಲೊಂದು ಬದಲಿಸಿಕೊಳ್ಳುತ್ತ ಅವರು 86 ವರ್ಷ ಬಾಳಿದರು. ಈಗಿನ ಬ್ಯಾಟರಿ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬರುತ್ತದೆ. ಆಸ್ಪತ್ರೆಯವರು ಕೊಟ್ಟ ಕಾರ್ಡ್ ಯಾವಾಗಲೂ ಅತ್ತೆಯವರ ಪರ್ಸಿನಲ್ಲಿರಲಿ. ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಒಳಗೆ ಹೋಗುವ ಮುಂಚೆಯೇ ಅದನ್ನು ತೋರಿಸಿ.