ಒಂದೇ ತಟ್ಟೆಯ ಎರಡು ತುಂಡು

ಬೆಂಗಳೂರಿನ ನಮ್ಮ ಕೊಡಿಗೇಹಳ್ಳಿಯಲ್ಲಿ ಈಗ ಯಾವ ಬೀದಿಗೆ ತಿರುಗಿದರೂ ಒಂದು ಪೀಜಿ. ಆಚೆ ತಿಂಡ್ಲು, ಈಚೆ ಸಹಕಾರನಗರ, ಅಲ್ಲೂ ಅದೇ ಕತೆ. ಓದಲು, ಕೆಲಸಕ್ಕೆ ಅಂತ ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ನೀವು ಶನಿವಾರ ರಾತ್ರಿ ತಾರಸಿಯ ಮೇಲೆ ಸೇರುತ್ತೀರಿ. ಸೇರಬೇಡಿ ಅನ್ನಲು ನಾನ್ಯಾರು? ಆದರೆ ಗೆಳೆಯನೊಬ್ಬ ತಾನೇ ಮಾಡಿದ್ದು ಅಂತ ಗಾಂಜಾ ಹಾಕಿದ ಬ್ರೌನಿ ತಂದಾಗ, ಹೋಳಿಯ ದಿನ ಭಂಗಿ ಕಲಸಿದ ಥಂಡಾಯಿ ಲೋಟ ಕೈಗೆ ಬಂದಾಗ, ಈ ಮುದುಕನ ಮಾತು ಸ್ವಲ್ಪ ನೆನಪಿರಲಿ. ಔಷಧದ ಅಂಗಡಿಯಲ್ಲಿ ಕೂದಲು ಹಣ್ಣಾದವನು ನಾನು. ನೀತಿಪಾಠ ನನಗೆ ಬರುವುದಿಲ್ಲ, ಮಿಲಿಗ್ರಾಂ ಲೆಕ್ಕ ಬರುತ್ತದೆ.

ಆ ಲೆಕ್ಕ, ಬ್ರೌನಿ ಮಾಡಿದವನಿಗೂ ಗೊತ್ತಿರುವುದಿಲ್ಲ ಕಣ್ರಪ್ಪಾ. ‘ಹೋದ ಸಲ ಇದೇ ಅಳತೆಗೆ ಏನೂ ಆಗಲಿಲ್ಲ’ ಅಂತ ಅವನು ಹೇಳುವುದು ನಿಜವೇ ಇರಬಹುದು. ಆದರೂ ಅದನ್ನು ನಂಬಿ ತಿನ್ನುವ ಹಾಗಿಲ್ಲ. ಅಮಲಿನ ಅಂಶ ಟಿಎಚ್‌ಸಿ. ಎಲೆಯಲ್ಲಿ ಅದು ಕಡಿಮೆ, ಹೂವಿನ ತುದಿಯಲ್ಲಿ ಹೆಚ್ಚು, ಅಂಟಿನಲ್ಲಿ, ಅಂದರೆ ಚರಸ್ಸಿನಲ್ಲಿ, ಇನ್ನೂ ಹೆಚ್ಚು. ಒಂದೇ ಗಿಡದ ಮೇಲಿನ ಕೊಂಬೆಗೂ ಕೆಳಗಿನ ಕೊಂಬೆಗೂ ವ್ಯತ್ಯಾಸ. ಪೊಟ್ಟಣದಲ್ಲಿ ಬಂದ ಪುಡಿ ಯಾವ ಗಿಡದ್ದು, ಯಾವ ಭಾಗದ್ದು, ಎಷ್ಟು ತಿಂಗಳು ಹಳೆಯದು? ಹೇಳುವವರಿಲ್ಲ.

ಒಲೆಯ ಮೇಲೆ ಇನ್ನೊಂದು ಆಟ ನಡೆಯುತ್ತದೆ. ಹಸಿ ಗಿಡದಲ್ಲಿ ಆ ಅಂಶ ಬಹುಪಾಲು ಆಮ್ಲದ ರೂಪದಲ್ಲಿರುತ್ತದೆ, ಆ ರೂಪಕ್ಕೆ ಅಮಲಿಲ್ಲ. ಶಾಖ ತಗುಲಿದ ಮೇಲೆಯೇ ಅದು ಟಿಎಚ್‌ಸಿ ಆಗುವುದು. ಶಾಖ ಸಾಲದಿದ್ದರೆ ಪೂರ್ತಿ ಆಗುವುದಿಲ್ಲ, ಮೀರಿದರೆ ಆದದ್ದೂ ಕೆಡುತ್ತದೆ. ಪೀಜಿಯ ಇಂಡಕ್ಷನ್ ಒಲೆಯ ಮುಂದೆ ಮೊಬೈಲ್ ನೋಡುತ್ತಾ ನಿಂತವನಿಗೆ ಇವತ್ತಿನ ಶಾಖ ನಾಳೆಗೆ ಸಿಗುವುದಿಲ್ಲ. ಜೊತೆಗೆ ಅದು ನೀರಿನಲ್ಲಿ ಕರಗುವ ವಸ್ತುವಲ್ಲ. ತುಪ್ಪ, ಬೆಣ್ಣೆ, ಹಾಲಿನ ಕೊಬ್ಬನ್ನು ಹಿಡಿದುಕೊಂಡೇ ಇರುತ್ತದೆ. ಸರಿಯಾಗಿ ಕಲಸದ ಉಪ್ಪಿಟ್ಟಿನಲ್ಲಿ ಒಂದು ತುತ್ತು ಸಪ್ಪೆ, ಇನ್ನೊಂದು ಬರೀ ಉಪ್ಪು ಆಗುವುದಿಲ್ಲವೇ? ಹಾಗೆಯೇ ಒಂದೇ ತಟ್ಟೆಯ ಬ್ರೌನಿಯಲ್ಲಿ ಒಂದು ತುಂಡು ತಿಂದವನು ನಗುತ್ತಾ ಕೂತಿರುತ್ತಾನೆ, ಪಕ್ಕದ ತುಂಡು ತಿಂದವಳು ಎದೆ ಹಿಡಿದುಕೊಳ್ಳುತ್ತಾಳೆ. ಉಪ್ಪಾದರೆ ನಾಲಿಗೆಯೇ ಹೇಳಿಬಿಡುತ್ತದೆ, ಇದಕ್ಕೆ ಆ ಭಾಗ್ಯವೂ ಇಲ್ಲ.

ನಮ್ಮ ಕಸುಬಿನವರೇ ಇದರ ಮುಂದೆ ಸೋತಿದ್ದಾರೆ. 19ನೆಯ ಶತಮಾನದಲ್ಲಿ ಕಲ್ಕತ್ತೆಯ ವೈದ್ಯ ವಿಲಿಯಂ ಓಶಾಗ್ನೆಸಿ ಗಾಂಜಾದ ಗುಣಗಳನ್ನು ಬರೆದು ಪ್ರಕಟಿಸಿದ ಮೇಲೆ ಇಂಗ್ಲೆಂಡ್, ಅಮೆರಿಕದ ಔಷಧದಂಗಡಿಗಳಲ್ಲಿ ಅದರ ಟಿಂಕ್ಚರ್ ಸೀಸೆಗಳು ಬಂದವು. ಒಂದು ಸೀಸೆಗೆ ಏನೂ ಆಗದು, ಮುಂದಿನ ಸೀಸೆಗೆ ರೋಗಿ ಕಂಗಾಲು. ಅಮೆರಿಕದ ಅಧಿಕೃತ ಔಷಧಕೋಶದಿಂದ 1942ರಲ್ಲಿ ಅದು ಹೊರಬಿತ್ತು. ಅದಕ್ಕೆ ತೆರಿಗೆ, ರಾಜಕೀಯವೂ ಕಾರಣ, ಇಲ್ಲವೆನ್ನುವುದಿಲ್ಲ. ಆದರೆ ಅಳೆಯಬೇಕಾದದ್ದು ಯಾವುದು ಅಂತಲೇ ಆಗ ಸರಿಯಾಗಿ ಗೊತ್ತಿರಲಿಲ್ಲ. ಇಸ್ರೇಲಿನ ಮೆಶೂಲಮ್ ಮತ್ತು ಗಾವೋನಿ ಟಿಎಚ್‌ಸಿಯನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆ ತೋರಿಸಿದ್ದು 1964ರಲ್ಲಿ.

ತಿಂದ ಮೇಲಿನದು ಹೊಟ್ಟೆಯ ಸರದಿ. ಹೊಗೆ ನಿಮಿಷಗಳಲ್ಲಿ ತಲೆಗೇರುತ್ತದೆ. ತಿಂದದ್ದು ಕರುಳು ದಾಟಿ, ಯಕೃತ್ತಿಗೆ ಹೋಗಿ, ಅಲ್ಲಿ ಇನ್ನೊಂದು ಅಮಲಿನ ವಸ್ತುವಾಗಿಯೂ ಬದಲಾಗಿ ಹೊರಡುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆ ಏನೂ ಅನ್ನಿಸದೆ ಇರಬಹುದು. ಊಟ ಮಾಡಿದ್ದೀರೋ ಇಲ್ಲವೋ, ಮೈಯ ಗುಣ ಎಂಥದ್ದು, ಎಲ್ಲದರ ಮೇಲೂ ಅದು ನಿಂತಿದೆ. ಕೆಡುವುದು ಇಲ್ಲೇ. ‘ಏನೂ ಆಗಲಿಲ್ಲ, ಇನ್ನೊಂದು ಕೊಡು’ ಅನ್ನುತ್ತೀರಿ. ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ, ಇಳಿಯಲು ಇಡೀ ರಾತ್ರಿ ಬೇಕು.

2014ರ ಮಾರ್ಚ್‌ನಲ್ಲಿ ಅಮೆರಿಕದ ಕೊಲರಾಡೊದಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಅಂಗಡಿಯ ಗಾಂಜಾ ಕುಕ್ಕಿ ತಿಂದ. ಅದರಲ್ಲಿದ್ದದ್ದು 65 ಮಿಲಿಗ್ರಾಂ, ಆರು ಪಾಲಿಗಾಗುವಷ್ಟು. ಮೊದಲು ಒಂದು ಪಾಲು ತಿಂದ, ಅರ್ಧದಿಂದ ಒಂದು ಗಂಟೆ ಕಾದ, ಏನೂ ಅನ್ನಿಸಲಿಲ್ಲವೆಂದು ಉಳಿದದ್ದನ್ನೂ ತಿಂದ. ಕೆಲವು ಗಂಟೆಗಳ ಬಳಿಕ ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಹಾರಿ ಸತ್ತ. ಅದು ಅಳೆದು, ಚೀಟಿ ಅಂಟಿಸಿ ಮಾರಿದ್ದು. ನಿಮ್ಮ ಗೆಳೆಯನ ಡಬ್ಬಿಗೆ ಚೀಟಿಯೇ ಇಲ್ಲ.

‘ತಾತ, ಇದು ನಮ್ಮ ಸಂಪ್ರದಾಯ ಅಲ್ವಾ?’ ಅಂತ ಕೇಳುವವರುಂಟು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದ, ನಿಜ. ಆದರೆ ಅಲ್ಲಿ ದೇವರಿದ್ದಾನೆ, ಹಿರಿಯರಿದ್ದಾರೆ. ತಾರಸಿಯ ಮೇಲೆ ಯಾರಿದ್ದಾರೆ?

ಕಾನೂನನ್ನು ಬಲ್ಲವರಂತೆ ಮಾತಾಡುವವರೂ ಉಂಟು. 1985ರ ಮಾದಕವಸ್ತು ಕಾಯ್ದೆ ಹೂವಿನ ತುದಿಯನ್ನು ಗಾಂಜಾ ಅನ್ನುತ್ತದೆ, ಬರೀ ಎಲೆಯನ್ನಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಜಾಮೀನು ಆದೇಶವೊಂದರಲ್ಲಿ ಎಲೆಯಿಂದ ಮಾಡುವ ಭಂಗಿ ಆ ಕಾಯ್ದೆಯೊಳಗೆ ಬರುವುದಿಲ್ಲ ಎಂದದ್ದೂ ಹೌದು. ಆದರೆ ನಿಮ್ಮ ಬ್ರೌನಿಯಲ್ಲಿರುವುದು ಬರೀ ಎಲೆ ಅಂತ ಪ್ರಮಾಣ ಮಾಡುವವರು ಯಾರು? ಮಿಶ್ರಣ ಸಿಕ್ಕರೆ ಅದರ ಪೂರ್ತಿ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಮೈದಾ, ಸಕ್ಕರೆಯೂ ತಕ್ಕಡಿಗೆ ಹೋಗುತ್ತವೆ.

ತಿನ್ನಬೇಡಿ ಅನ್ನುವುದೇ ನನ್ನ ಮಾತು. ಕೇಳದೆ ತಿಂದಿದ್ದರೆ ಎರಡನೆಯದಕ್ಕೆ ಕೈ ಹಾಕಬೇಡಿ, ಮೇಲೆ ಬಿಯರ್ ಸುರಿಯಬೇಡಿ, ಗಾಡಿಯ ಕೀಲಿಯನ್ನು ಅಮಲಿಲ್ಲದವರ ಕೈಗೆ ಕೊಡಿ. ಬಳ್ಳಾರಿ ರಸ್ತೆ ಹಗಲಲ್ಲೇ ಯಾರನ್ನೂ ಬಿಡುವುದಿಲ್ಲ. ಹೇಳದೆ ಇನ್ನೊಬ್ಬರಿಗೆ ತಿನ್ನಿಸುವುದು ತಮಾಷೆಯಲ್ಲ, ವಿಷ ಇಕ್ಕಿದ ಹಾಗೆ. ಜೊತೆಯವನಿಗೆ ಗಾಬರಿ ಹತ್ತಿದರೆ ಒಬ್ಬರು ಪಕ್ಕದಲ್ಲೇ ಕೂರಿ, ತಾರಸಿಯಿಂದ ಕೆಳಗೆ ಇಳಿಸಿ. ವಾಂತಿ ಮಾಡಿ ಮಂಪರಾದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ನಿಂಬೆರಸ, ಮಜ್ಜಿಗೆ ಅಂತ ಬಾಯಿಗೆ ಏನನ್ನೂ ಹೊಯ್ಯಬೇಡಿ. ಎಬ್ಬಿಸಿದರೂ ಏಳದಿದ್ದರೆ, ಎದೆ ನೋವು ಅಂದರೆ, ಇಲ್ಲದ್ದನ್ನು ಕಂಡು ಹೆದರಿದರೆ 108ಕ್ಕೆ ಫೋನ್ ಮಾಡಿ. ಕೆಳಮನೆಯ ಮಗು ಚಾಕಲೇಟ್ ಅಂದುಕೊಂಡು ತಿಂದಿದ್ದರೆ ಲಕ್ಷಣಕ್ಕೆ ಕಾಯಲೇಬೇಡಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿ. ಡಾಕ್ಟರ ಮುಂದೆ ಏನು, ಎಷ್ಟು ಹೊತ್ತಿಗೆ, ಎಷ್ಟು ತುಂಡು ಅಂತ ನಿಜ ಹೇಳಿ, ಉಳಿದದ್ದಿದ್ದರೆ ಡಬ್ಬಿಯನ್ನೂ ತೋರಿಸಿ. ಮಾರನೆಯ ದಿನವೂ ಮನಸ್ಸು ಹಿಡಿತಕ್ಕೆ ಬರದಿದ್ದರೆ ಟೆಲಿಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ.