ಬಾಡಿಗೆಯಲ್ಲಿ ಮೊದಲ ಪಾಲು ಮನೆಯದ್ದು

ತಮ್ಮಾ, ಹಗರಿಬೊಮ್ಮನಹಳ್ಳಿಯ ನಿನ್ನ ಮನೆಯ ಮೇಲೆ ಕಟ್ಟಿಸಿದ ಎರಡೂ ಮನೆಗೆ ಜನ ಬಂದರು ಅಂತ ಕೇಳಿ ಸಂತೋಷವಾಯಿತು. ಒಬ್ಬರು ಮೇಷ್ಟ್ರು, ಇನ್ನೊಬ್ಬರು ಬಸ್ ಡಿಪೊದವರು. ನಮ್ಮ ಕಡೆ ಇದಕ್ಕಿಂತ ಒಳ್ಳೆ ಬಾಡಿಗೆದಾರರನ್ನು ಹುಡುಕಿದರೂ ಸಿಗರು. ಆದರೆ "ಇನ್ನು ತಿಂಗಳಿಗೆ ಒಂಬತ್ತು ಸಾವಿರ ಕೂತಲ್ಲೇ ಬರುತ್ತೆ ಮಾವ" ಅಂದೆಯಲ್ಲ, ಆ ಮಾತು ನನಗೆ ಸರಿ ಕಾಣಲಿಲ್ಲ. ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತು ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಲ್ಲಾ ಕಡೆಯ ಸಣ್ಣ ಮಾಲೀಕರ ಕಾಗದ ನೋಡಿದ್ದೇನೆ. ಒಂದೆರಡು ಮನೆ, ಒಂದು ಮಳಿಗೆ ಇಟ್ಟುಕೊಂಡವರು ಕೆಡುವುದು ಬಾಡಿಗೆ ಕಡಿಮೆಯಾಯಿತು ಅಂತ ಅಲ್ಲ, ಬಂದ ಬಾಡಿಗೆಯೆಲ್ಲ ತಮ್ಮದೇ ಅಂದುಕೊಂಡು.

ಮೊದಲ ಪಾಲು ಮನೆಯದ್ದು. ಕಂದಾಯ, ಸಾಲದ ಕಂತು, ರಿಪೇರಿ ಮೂರಕ್ಕೂ ಎತ್ತಿಟ್ಟ ಮೇಲೆ ಉಳಿದದ್ದು ನಿನ್ನದು. ಅದಕ್ಕೇ ಬಾಡಿಗೆಗೆಂದೇ ಬೇರೆ ಉಳಿತಾಯ ಖಾತೆ ತೆಗೆ. ನಿನ್ನ ಅಂಗಡಿಯ ಗಲ್ಲಾಕ್ಕೆ ಬಿದ್ದ ಬಾಡಿಗೆ ಯಾವತ್ತೂ ಲೆಕ್ಕಕ್ಕೆ ಸಿಗುವುದಿಲ್ಲ. ಬಾಡಿಗೆದಾರರು ಫೋನ್‌ಪೇ ಮಾಡಲಿ, ಚೆಕ್ ಕೊಡಲಿ, ಆ ಖಾತೆಗೇ ಬರಲಿ.

ಈಗ ನಿನ್ನ ಸಾಲವನ್ನೇ ತೆಗೆದುಕೊ. 10 ಲಕ್ಷ, ಶೇ 9ರ ಬಡ್ಡಿ, 15 ವರ್ಷ. ತಿಂಗಳ ಕಂತು 10,143 ರೂಪಾಯಿ, ವರ್ಷಕ್ಕೆ 1,21,700ರ ಹತ್ತಿರ. ನಿನ್ನ ಬಾಡಿಗೆ ವರ್ಷಕ್ಕೆ 1,08,000. ಪೂರ್ತಿ ಬಂದರೂ ಕಂತಿಗೆ ಸಾಲದು. ಪೂರ್ತಿ ಬರುವುದೂ ಇಲ್ಲ. ಮೇಷ್ಟ್ರಿಗೆ ವರ್ಗವಾದರೆ ಮನೆ ಒಂದು ತಿಂಗಳಾದರೂ ಖಾಲಿ ಬೀಳುತ್ತದೆ. ಇನ್ನೊಂದು ತಿಂಗಳದ್ದು ರಿಪೇರಿಗೆ ಹೋಗುತ್ತದೆ. ಆದ್ದರಿಂದ ವರ್ಷಕ್ಕೆ ಹತ್ತೇ ತಿಂಗಳ ಬಾಡಿಗೆ ಅಂತ ಲೆಕ್ಕ ಹಿಡಿ, 90,000. ಮನೆ ಕಂದಾಯವನ್ನೂ ಸೇರಿಸಿದರೆ ವರ್ಷಕ್ಕೆ ಮೂವತ್ತೈದು ಸಾವಿರದಷ್ಟು ನಿನ್ನ ಅಂಗಡಿಯಿಂದಲೇ ಹಾಕಬೇಕು. ಹೆದರಿಸಲು ಹೇಳುತ್ತಿಲ್ಲ, ಸಾಲ ತೀರಿದ ಮೇಲೆ ಆಸ್ತಿ ನಿನ್ನದೇ. ಆದರೆ ಈ ಮೂವತ್ತೈದು ಸಾವಿರ ಗೊತ್ತಿಲ್ಲದವನು ಮೂರನೇ ವರ್ಷಕ್ಕೆ ಕೈಸಾಲಕ್ಕೆ ಇಳಿಯುತ್ತಾನೆ. ಮೆಕ್ಕೆಜೋಳ ಮಾರಿದಾಗಲೋ ಹಬ್ಬದ ವ್ಯಾಪಾರದಲ್ಲೋ ನಾಲ್ಕು ಕಾಸು ಬಂದರೆ ಅಸಲಿಗೆ ಕಟ್ಟು. ಬದಲಾಗುವ ಬಡ್ಡಿಯ ಮನೆಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.

ಆದಾಯ ತೆರಿಗೆ ಅಂದರೆ ನಮ್ಮವರು ದೂರ ಸರಿಯುತ್ತಾರೆ. ಆ ಲೆಕ್ಕ ಅಷ್ಟೇನೂ ಕಷ್ಟವಿಲ್ಲ. ವರ್ಷದ ಬಾಡಿಗೆಯಲ್ಲಿ ಆ ವರ್ಷ ನೀನೇ ಕಟ್ಟಿದ ಮನೆ ಕಂದಾಯ ಕಳೆ, 3,000 ಅಂತಿಟ್ಟುಕೊ, ಉಳಿದದ್ದು 1,05,000. ಅದರಲ್ಲಿ ಶೇ 30 ಅಂದರೆ 31,500 ಕಳೆ. ಇದಕ್ಕೆ ಬಿಲ್ಲು ಬೇಡ, ರಸೀದಿ ಬೇಡ. ಬಣ್ಣಕ್ಕೆ ಅದಕ್ಕಿಂತ ಹೆಚ್ಚು ಸುರಿದರೂ ಇಷ್ಟೇ, ಒಂದು ಮೊಳೆ ಹೊಡೆಯದಿದ್ದರೂ ಇಷ್ಟೇ. ಉಳಿದ 73,500ರಲ್ಲಿ ಸಾಲದ ಬಡ್ಡಿ ಕಳೆ. ನಿನ್ನ ಮೊದಲ ವರ್ಷದ ಬಡ್ಡಿಯೇ 88,600 ದಾಟುತ್ತದೆ, ಆದ್ದರಿಂದ ಮನೆಯ ಲೆಕ್ಕದಲ್ಲಿ ನಷ್ಟವೇ ಕಾಣುತ್ತದೆ. ತೆರಿಗೆಯ ಹಳೆ ಪದ್ಧತಿಯಲ್ಲಿ ಈ ನಷ್ಟವನ್ನು 2 ಲಕ್ಷದವರೆಗೆ ಅಂಗಡಿಯ ಲಾಭದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಹಾಗೆ ಕಳೆಯಲು ಬಿಡುವುದಿಲ್ಲ. ಆ ಶೇ 30ರ ಮಾತು ನೆನಪಿರಲಿ. ಬಾಡಿಗೆಯಲ್ಲಿ ನೂರಕ್ಕೆ ಮೂವತ್ತು ಮನೆಗೇ ಹೋಗುತ್ತದೆ ಅಂತ ಸರ್ಕಾರವೇ ಒಪ್ಪಿದೆ, ಒಪ್ಪದವರು ಮಾಲೀಕರು ಮಾತ್ರ.

2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. "ಹಾಗಾದರೆ ರಿಟರ್ನ್ ಯಾಕೆ?" ಅನ್ನಬೇಡ. ಅಂಗಡಿ, ಬಾಡಿಗೆ ಎಲ್ಲ ಸೇರಿ ಆದಾಯ 4 ಲಕ್ಷ ದಾಟಿದರೆ ಸಲ್ಲಿಸಲೇಬೇಕು. ದಾಟದಿದ್ದರೂ ಸಲ್ಲಿಸುವುದು ಒಳ್ಳೆಯದು. ನಾಳೆ ಮಗಳ ಓದಿಗೋ ಇನ್ನೊಂದು ಮಹಡಿಗೋ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ಕೇಳುವುದು ಹಿಂದಿನ ವರ್ಷಗಳ ರಿಟರ್ನನ್ನೇ. ಹತ್ತು ವರ್ಷ ಕೈಯಲ್ಲಿ ಬಾಡಿಗೆ ಎಣಿಸಿಕೊಂಡವರು ಆ ಮೇಜಿನ ಮುಂದೆ ಆದಾಯವೇ ಇಲ್ಲದವರಾಗಿ ನಿಂತಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಮನೆ ಕಂದಾಯ. ಪುರಸಭೆಯಾಗಲಿ, ಪಟ್ಟಣ ಪಂಚಾಯಿತಿಯಾಗಲಿ, ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ತಡ ಮಾಡಿದರೆ ತಿಂಗಳು ತಿಂಗಳಿಗೂ ದಂಡ. ಸ್ವಯಂ ಘೋಷಣೆಯ ನಮೂನೆ ತುಂಬುವಾಗ ಮಹಡಿ, ಅಳತೆ, ಬಳಕೆಯ ವಿಷಯದಲ್ಲಿ ಸುಳ್ಳು ಬರೆಯಬೇಡ. ಮುಂದಿನ ಕೋಣೆಯನ್ನು ಮಳಿಗೆ ಮಾಡಿ ವಾಸದ ಮನೆ ಅಂತ ತೋರಿಸಿದರೆ ಇವತ್ತು ನಾಲ್ಕು ಕಾಸು ಉಳಿದೀತು, ಖಾತೆಯಲ್ಲಿರುವುದೂ ಜಾಗದಲ್ಲಿರುವುದೂ ತಾಳೆಯಾಗದೆ ನಾಳೆ ಸಾಲ ನಿಲ್ಲುತ್ತದೆ. ಪಟ್ಟಣದಲ್ಲಾದರೆ ನಮೂನೆ 3ರ ಇ-ಖಾತೆ, ಹಳ್ಳಿಯಲ್ಲಾದರೆ ಇ-ಸ್ವತ್ತಿನ ನಮೂನೆ 9, 11 ಮಾಡಿಸಿಟ್ಟುಕೊ.

ನಮ್ಮ ಭಾಗದಲ್ಲಿ ಕಾಗದದ್ದು ಇನ್ನೊಂದು ತಾಪತ್ರಯ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿನ ಒಂದೇ ಮನೆಯ ಕಾಗದಗಳಲ್ಲಿ ಮೂರು ಜಿಲ್ಲೆಯ ಹೆಸರು ಸಿಕ್ಕುತ್ತವೆ. ಕೊಟ್ಟೂರಿನವರ ಹಳೆ ಪತ್ರಗಳಲ್ಲಿ ಕೂಡ್ಲಿಗಿ ತಾಲ್ಲೂಕು ಅಂತಿರುತ್ತದೆ. ಊರು ಅದೇ, ಮನೆಯೂ ಅದೇ, ಆದರೆ ಹೊರಗಿನಿಂದ ಬಂದ ಮ್ಯಾನೇಜರಿಗೆ ಅದು ತಿಳಿಯದು. ಹಳೆ ಕ್ರಯಪತ್ರದಿಂದ ಇವತ್ತಿನ ಖಾತೆಯವರೆಗೆ ಎಲ್ಲವನ್ನೂ ವರ್ಷದ ಸಾಲಿನಲ್ಲಿ ಜೋಡಿಸಿ ಒಂದೇ ಫೈಲಿನಲ್ಲಿಡು. ಋಣಭಾರ ಪತ್ರವೂ ಅದರಲ್ಲೇ ಇರಲಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಭೋಗ್ಯದಲ್ಲಿ. ಈಗ ಲೀಸು ಅನ್ನುತ್ತಾರೆ. ಮೂರು ಲಕ್ಷ ಇಸಕೊಂಡು ಮೂರು ವರ್ಷ ಬಾಡಿಗೆಯಿಲ್ಲದೆ ಬಿಡುವುದು. ಕೈಗೆ ಬಂದ ಗಂಟು ಆದಾಯದಂತೆ ಕಾಣುತ್ತದೆ, ಅದು ಅಪ್ಪಟ ಸಾಲ. ಬೋರ್‌ವೆಲ್ ಕೊರೆಸಿ, ಮದುವೆ ಮಾಡಿ ಖರ್ಚು ಮಾಡಿದವರು ಅವಧಿ ಮುಗಿದಾಗ ಇನ್ನೊಬ್ಬ ಭೋಗ್ಯದಾರನಿಂದ ತಂದು ಹಿಂದಿನವನಿಗೆ ಕೊಡಬೇಕಾಗುತ್ತದೆ. ಆ ಇನ್ನೊಬ್ಬ ಬರದಿದ್ದರೆ? ಹಳಬ ಬಿಡುವುದಿಲ್ಲ, ಹೊಸಬ ಬರುವುದಿಲ್ಲ, ಮನೆ ನಿನ್ನದಾದರೂ ಬೀಗ ಅವನ ಕೈಯಲ್ಲಿ. ಬಾಡಿಗೆ ಬಾರದಿದ್ದರೂ ಆ ಮನೆಗೆ ಸಿಗಬಹುದಾದ ಬಾಡಿಗೆಯನ್ನು ತೆರಿಗೆಯವರು ನಿನ್ನ ಆದಾಯವೆಂದು ಎಣಿಸಬಹುದು. ತೆಗೆದುಕೊಳ್ಳಲೇಬೇಕಾದರೆ ದುಬಾರಿ ಬಡ್ಡಿಯ ಸಾಲ ತೀರಿಸಲು ಮಾತ್ರ ತೆಗೆದುಕೊ, ಪತ್ರವನ್ನು ನೋಂದಣಿ ಮಾಡಿಸು, ಮನೆ ಬ್ಯಾಂಕಿಗೆ ಅಡವಿದ್ದರೆ ಅವರ ಒಪ್ಪಿಗೆ ಪಡೆ. ಇನ್ನೊಂದು, 20,000 ಅಥವಾ ಅದಕ್ಕೆ ಮೇಲ್ಪಟ್ಟ ಸಾಲ, ಠೇವಣಿಯನ್ನು ನಗದಾಗಿ ಇಸಕೊಳ್ಳುವಂತಿಲ್ಲ, ಇಸಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಡುವವ, ತೆಗೆದುಕೊಳ್ಳುವವ ಇಬ್ಬರಿಗೂ ಬೇಸಾಯದ್ದೇ ಆದಾಯವಿದ್ದು, ತೆರಿಗೆ ಬೀಳುವ ಆದಾಯವಿಲ್ಲದಿದ್ದರೆ ವಿನಾಯಿತಿ ಉಂಟು. ಅಂಗಡಿ ನಡೆಸುವ ನೀನು ಅದನ್ನು ನಂಬಿಕೊಳ್ಳಬೇಡ. ಅಡ್ವಾನ್ಸೂ ಬ್ಯಾಂಕಿನ ಮೂಲಕವೇ ಬರಲಿ.

ಕರಾರು ಪತ್ರ ಬೇಡ ಅನ್ನಬೇಡ. "ಮೇಷ್ಟ್ರು ಗುರುತಿನವರು" ಅನ್ನುತ್ತೀಯ, ಗುರುತಿನವರ ಹತ್ತಿರವೇ ಬಾಯಿಬಿಟ್ಟು ಕೇಳಲು ಸಂಕೋಚ. ಅದಕ್ಕೇ ಕಾಗದ ಕೇಳಲಿ. 11 ತಿಂಗಳ ಕರಾರು ಮಾಡಿಕೊ, ಒಂದು ವರ್ಷ ದಾಟಿಸಿದರೆ ನೋಂದಣಿ ಬೇಕು. ಬಾಡಿಗೆಯ ತಾರೀಖು, ವರ್ಷಕ್ಕೆ ಎಷ್ಟು ಏರಿಕೆ, ನೀರಿನ ಬಿಲ್ಲು ಯಾರದು, ಬಿಡುವಾಗ ಬಣ್ಣ ಯಾರದು, ಎಲ್ಲ ಬರೆ. ಇಲ್ಲದಿದ್ದರೆ "ಕೊಟ್ಟೂರು ತೇರು ಮುಗೀಲಿ", "ಶೇಂಗಾ ಮಾರಲಿ" ಅಂತ ಬಾಡಿಗೆ ಮುಂದೆ ಮುಂದೆ ಹೋಗುತ್ತದೆ. ಮನೆಗೊಂದು ಮೀಟರು ಹಾಕಿಸು. ಗೃಹಜ್ಯೋತಿಯ ಉಚಿತ ಕರೆಂಟು ಬಾಡಿಗೆದಾರರಿಗೂ ಸಿಗುತ್ತದೆ. ಒಂದೇ ಮೀಟರಿನಲ್ಲಿ ಮೂರು ಮನೆ ನಡೆಸಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ತಲೆಗೆ ಬರುತ್ತದೆ, ಜಗಳವೂ ಜೊತೆಗೆ.

ಕೊನೆಗೆ ಮನೆಯ ಆರೈಕೆ. ನಮ್ಮ ಹಿರಿಯರು ಮಳೆಗಾಲಕ್ಕೆ ಮೊದಲೇ ಮಾಳಿಗೆಗೆ ಸವಳು ಮಣ್ಣು ಹಾಕುತ್ತಿದ್ದರು. ಆರ್‌ಸಿಸಿ ಬಂದ ಮೇಲೆ ಮಾಳಿಗೆ ಹತ್ತುವ ರೂಢಿಯೇ ತಪ್ಪಿತು. ಮೇ ತಿಂಗಳಲ್ಲಿ ನೀನೇ ಹತ್ತಿ ನೋಡು. ನೀರು ಇಳಿಯುವ ಪೈಪಿನ ಬಾಯಲ್ಲಿ ಬೇವಿನೆಲೆ, ಪಾರಿವಾಳದ ಪುಕ್ಕ ಸಿಕ್ಕಿಕೊಂಡಿರುತ್ತವೆ. ತೆಗೆದು ಎರಡು ಕೊಡ ನೀರು ಸುರಿ. ಒಂದು ಗಳಿಗೆಯಲ್ಲಿ ಇಳಿಯದೆ ನಿಂತರೆ ಅಲ್ಲಿ ತಗ್ಗಿದೆ ಅಂತ ಅರ್ಥ. ಮಳೆಗೆ ಮುಂಚೆ ಗಾರೆ ಮಾಡಿಸು. ಸಿಂಟೆಕ್ಸ್ ತುಂಬಿ ಸೋರುವ ಜಾಗದಲ್ಲಿ ಪಾಚಿ ಕಟ್ಟಿದ್ದರೆ ಕೆಳಗಿನ ಗೋಡೆ ಮುಟ್ಟಿ ನೋಡು, ತಣ್ಣಗಿದ್ದರೆ ತೇವ ಒಳಗೆ ಹೋಗಿದೆ. ಬೋರಿನ ಗಡಸು ನೀರಿಗೆ ನಲ್ಲಿಯ ಬಾಯಿ, ಗೀಸರಿನ ಕಾಯಿಲ್ ಬಿಳಿ ಕಟ್ಟಿ ಕೆಡುತ್ತವೆ. ಅಗ್ಗದ ನಲ್ಲಿ ಹಾಕಿದರೆ ವರ್ಷಕ್ಕೆರಡು ಸಲ ಪ್ಲಂಬರನ್ನು ಕರೆಯಬೇಕು. ಬಾಡಿಗೆದಾರರು ಸೋರಿಕೆ ಹೇಳಿದ ವಾರದೊಳಗೆ ಮಾಡಿಸಿಕೊಡು. ಹತ್ತು ವರ್ಷ ಇರುವ ಬಾಡಿಗೆದಾರ ಸಿಗುವುದು ಹಾಗೇ, ಅಡ್ವಾನ್ಸ್ ಹೆಚ್ಚು ಇಸಕೊಂಡು ಅಲ್ಲ.

ಈ ವಾರವೇ ಮಾಡಬೇಕಾದದ್ದು ಎರಡು. ಬಾಡಿಗೆಯ ಖಾತೆ ತೆಗೆದು ಅದರಿಂದಲೇ ಕಂತು ಹೋಗುವಂತೆ ಬರೆದುಕೊಡು. ಆಮೇಲೆ ಕೆಳಗಿನ ಹಳೆ ಮನೆಯ ಖಾತೆ ಇನ್ನೂ ನಿಮ್ಮ ಅಪ್ಪನ ಹೆಸರಿನಲ್ಲೇ ಇದೆಯಾ ನೋಡು. ಇದ್ದರೆ ಮರಣ ಪತ್ರ, ವಂಶವೃಕ್ಷ ಹಿಡಿದು ಅಣ್ಣತಮ್ಮಂದಿರು, ಅಕ್ಕತಂಗಿಯರನ್ನೆಲ್ಲ ಕೂರಿಸಿಕೊಂಡು ಮಾತಾಡಿ ಮುಗಿಸು. ಬಾಡಿಗೆ ಕಡಿಮೆ ಇರುವಾಗ ಪಾಲಿನ ಮಾತು ಸಲೀಸು, ಊರು ಬೆಳೆದು ಬಾಡಿಗೆ ಏರಿದ ಮೇಲೆ ಅದೇ ಮಾತು ಕೋರ್ಟಿನಲ್ಲಿ ಆಡಬೇಕಾಗುತ್ತದೆ.